ಎಲೆಕ್ಟ್ರಿಕ್ ಲಾರಿಯೋ, ಡೀಸೆಲ್ ಲಾರಿಯೋ: ಆರಿಸುವ ಮೊದಲು ದಾರಿ ನೋಡಿ

ಎಲೆಕ್ಟ್ರಿಕ್ ಲಾರಿ ತಗೊಳ್ಳಬಹುದಾ ಅಂತ ಕೇಳುವವರಿಗೆ ನನ್ನ ಮೊದಲ ಪ್ರಶ್ನೆ ಒಂದೇ: ಆ ಲಾರಿ ರಾತ್ರಿ ಎಲ್ಲಿ ನಿಲ್ಲುತ್ತದೆ? ದಿನಾ ಸಂಜೆ ನಿಮ್ಮದೇ ಜಾಗಕ್ಕೆ ವಾಪಸ್ ಬರುತ್ತದೆ ಅಂದರೆ ಮಾತು ಮುಂದುವರಿಸಬಹುದು. ಇವತ್ತು ಒಂದೂರು, ನಾಳೆ ಇನ್ನೊಂದೂರು, ಎಲ್ಲಿ ಬಾಡಿಗೆ ಸಿಕ್ಕಿತೋ ಅಲ್ಲಿಗೆ ಓಟ ಅಂದರೆ ಸದ್ಯಕ್ಕೆ ಡೀಸೆಲ್ ಬಿಡಬೇಡಿ.

ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಆದರೆ ಹೆಚ್ಚಿನವರು ಶುರು ಮಾಡುವುದು ಇನ್ನೊಂದು ತುದಿಯಿಂದ. ಮೊದಲು ಲಾರಿ ನೋಡುತ್ತಾರೆ. ಬ್ರೋಷರ್‌ನಲ್ಲಿ ಬರೆದ ಕಿಲೋಮೀಟರ್ ನೋಡುತ್ತಾರೆ. ಬೆಲೆ ಕೇಳುತ್ತಾರೆ. ಚಾರ್ಜರ್ ಎಲ್ಲಿ ಹಾಕೋದು ಅನ್ನುವುದು ಕೊನೆಗೆ ನೆನಪಾಗುತ್ತದೆ. ಈ ಕ್ರಮ ತಿರುಗಬೇಕು. ಮೊದಲು ದಾರಿ, ಆಮೇಲೆ ಕರೆಂಟು, ಕೊನೆಗೆ ಲಾರಿ.

ಲೀಟರ್ ಬಿಟ್ಟು ಯೂನಿಟ್‌ನಲ್ಲಿ ಲೆಕ್ಕ ಹಾಕಿ

ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಬ್ಯಾಟರಿಗೂ ಅಳತೆ. ಬ್ಯಾಟರಿ 400 ಕಿಲೋವ್ಯಾಟ್ ಅವರ್ ಅಂದರೆ ಅದರಲ್ಲಿ 400 ಯೂನಿಟ್ ಹಿಡಿಸುತ್ತದೆ ಅಂತ ಅರ್ಥ, ಅಷ್ಟೇ.

ಲಾರಿ ಎಷ್ಟು ತಿನ್ನುತ್ತದೆ? ಮೂರೂವರೆ ಟನ್ನಿನ ಡೆಲಿವರಿ ವ್ಯಾನ್ ಕಿಲೋಮೀಟರಿಗೆ ಸುಮಾರು 0.3 ಯೂನಿಟ್ ಬಳಸುತ್ತದೆ. ಏಳೆಂಟು ಟನ್ನಿನ ಲಾರಿಗೆ ಅರ್ಧ ಯೂನಿಟ್ ಆಸುಪಾಸು. ಹದಿನಾರು, ಹದಿನೆಂಟು ಟನ್ನಿನದಕ್ಕೆ 0.8ರಿಂದ 1 ಯೂನಿಟ್. ಟ್ರೇಲರ್ ಎಳೆಯುವ 40 ಟನ್ನಿನ ಗಾಡಿಗೆ 1.1ರಿಂದ 1.4. ಇಲ್ಲಿ ಟನ್ ಅಂದರೆ ಗಾಡಿ ಮತ್ತು ಲೋಡ್ ಎರಡೂ ಸೇರಿದ ತೂಕ, ಲೆಕ್ಕ ಸಮತಟ್ಟು ರಸ್ತೆಯದ್ದು.

ಅದೇ 40 ಟನ್ನಿನ ಡೀಸೆಲ್ ಲಾರಿ 100 ಕಿ.ಮೀ.ಗೆ 30 ಲೀಟರಿನಷ್ಟು ಕುಡಿಯುತ್ತದೆ. ಒಂದು ಲೀಟರ್ ಡೀಸೆಲ್‌ನಲ್ಲಿ ಹತ್ತು ಯೂನಿಟ್‌ನಷ್ಟು ಶಕ್ತಿ ಇದೆ. ಅಂದರೆ ಕಿಲೋಮೀಟರಿಗೆ 3 ಯೂನಿಟ್. ಎಂಜಿನ್ ಅದರಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಬಿಸಿಯಾಗಿ ಹೊರಗೆ ಬಿಡುತ್ತದೆ. ಮೋಟಾರ್ ಹಾಗಲ್ಲ, ಕೊಟ್ಟದ್ದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಚಕ್ರಕ್ಕೆ ತಲುಪಿಸುತ್ತದೆ. ಎಲೆಕ್ಟ್ರಿಕ್ ಲಾರಿಯ ಅಸಲಿ ಬಲ ಇದು.

ಅಸಲಿ ಕಷ್ಟವೂ ಪಕ್ಕದಲ್ಲೇ ಇದೆ. ಒಂದು ಕಿಲೋ ಡೀಸೆಲ್‌ನಲ್ಲಿ ಸುಮಾರು 12 ಯೂನಿಟ್ ಇದ್ದರೆ, ಒಂದು ಕಿಲೋ ಬ್ಯಾಟರಿಯಲ್ಲಿ ಇರುವುದು 0.15 ಯೂನಿಟ್ ಆಸುಪಾಸು. ಎಂಜಿನ್ ಎಷ್ಟೇ ಪೋಲು ಮಾಡಿದರೂ ಈ ಅಂತರ ಮುಚ್ಚಲು ಆಗುವುದಿಲ್ಲ. ದೂರ ಹೋಗಬೇಕಾದರೆ ಭಾರ ಹೊರಬೇಕು. ಇಲ್ಲವೇ ದಾರಿಯಲ್ಲಿ ನಿಂತು ಚಾರ್ಜ್ ಮಾಡಬೇಕು, ಅಥವಾ ಬ್ಯಾಟರಿಯನ್ನೇ ಬದಲಿಸಬೇಕು. ಮೂರನೇ ದಾರಿ ಸದ್ಯಕ್ಕಿಲ್ಲ.

ಬ್ರೋಷರ್‌ನ ಕಿಲೋಮೀಟರನ್ನು ನಂಬಿ ಟ್ರಿಪ್ ಹಾಕಬೇಡಿ. ನೀವೇ ಲೆಕ್ಕ ಹಾಕಿ, ಕಷ್ಟವೇನಿಲ್ಲ. 400 ಯೂನಿಟ್ ಬ್ಯಾಟರಿ ಅಂತಿಟ್ಟುಕೊಳ್ಳಿ. ಕಂಪನಿಯೇ ಬಳಕೆಗೆ ಬಿಡದ ಭಾಗ ಕಳೆದರೆ 360 ಸಿಗಬಹುದು. ಜಾಮ್, ಡೈವರ್ಷನ್ ಅಂತ 40 ಎತ್ತಿಡಿ. ಉಳಿದದ್ದು 320. ಕಿಲೋಮೀಟರಿಗೆ 1.3ರ ಹಾಗೆ ಭಾಗಿಸಿದರೆ 246 ಕಿ.ಮೀ. ಬ್ಯಾಟರಿಗೆ ವಯಸ್ಸಾದ ಮೇಲೆ ಹಿಡಿಯುವ ಶಕ್ತಿ ಐದರಲ್ಲಿ ಒಂದು ಪಾಲು ಕಡಿಮೆ ಆಯಿತು ಅಂದುಕೊಂಡರೆ 200ರ ಒಳಗೆ ಬರುತ್ತದೆ. ನಿಮ್ಮ ದಾರಿ ಆ 200ರಲ್ಲಿ ಮುಗಿಯುತ್ತದೆಯೇ ಅಂತ ನೋಡಬೇಕು, 246ರಲ್ಲಿ ಅಲ್ಲ. ಲಾರಿ ಹೊಸದಾಗಿರುವುದು ಒಂದೆರಡು ವರ್ಷ, ದುಡಿಯಬೇಕಾದದ್ದು ಎಂಟು ಹತ್ತು ವರ್ಷ.

ಇನ್ನು ಚಳಿ, ಗಾಳಿ, ಮಳೆ, ವೇಗ. ಕೊರೆಯುವ ಚಳಿಯಲ್ಲಿ ಓಡುವ ದೂರ ಕಾಲುಭಾಗದಷ್ಟು ಇಳಿದರೂ ಆಶ್ಚರ್ಯವಿಲ್ಲ. ಎದುರುಗಾಳಿಗೆ ಚೌಕಾಕಾರದ ಬಾಡಿ ಒಡ್ಡಿ 90ರಲ್ಲಿ ಓಡಿಸುವುದಕ್ಕೂ 75ರಲ್ಲಿ ಓಡಿಸುವುದಕ್ಕೂ ಭಾರಿ ವ್ಯತ್ಯಾಸ ಇದೆ. ಡೀಸೆಲ್ ಲಾರಿಗೂ ಇದೆಲ್ಲ ತಟ್ಟುತ್ತದೆ. ಆದರೆ ಅದಕ್ಕೆ ಮುಂದಿನ ಬಂಕ್ ಹತ್ತಿರದಲ್ಲೇ ಇರುತ್ತದೆ, ಹತ್ತು ನಿಮಿಷದಲ್ಲಿ ಟ್ಯಾಂಕ್ ತುಂಬುತ್ತದೆ.

ಏರು, ಇಳಿಜಾರು

ಘಾಟಿ ರಸ್ತೆಯ ಲೆಕ್ಕ ಬೇರೆಯೇ. 40 ಟನ್ನಿನ ಲಾರಿ 500 ಮೀಟರ್ ಎತ್ತರ ಹತ್ತಿದರೆ, ಬರೀ ಆ ಎತ್ತರಕ್ಕೇ ಸುಮಾರು 55 ಯೂನಿಟ್ ಬೇಕು. ಮೋಟಾರಿನ ನಷ್ಟ ಸೇರಿದರೆ 60 ದಾಟುತ್ತದೆ. ಸಮತಟ್ಟು ರಸ್ತೆಯಲ್ಲಿ ಅಷ್ಟರಲ್ಲಿ 50 ಕಿ.ಮೀ. ಓಡಬಹುದಿತ್ತು. ಇಳಿಯುವಾಗ ಮೋಟಾರೇ ಬ್ರೇಕ್ ಹಾಕಿ ಕರೆಂಟು ಮಾಡುತ್ತದೆ. ಹತ್ತುವಾಗ ಖರ್ಚಾದದ್ದರಲ್ಲಿ ದೊಡ್ಡ ಪಾಲು ವಾಪಸ್ ಬರುತ್ತದೆ, ಪೂರ್ತಿ ಅಲ್ಲ. ಬ್ರೇಕ್ ಲೈನಿಂಗ್ ಸವೆಯುವುದು ಕಡಿಮೆಯಾಗುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಕಾಯ್ದು ಕೈಕೊಡುವ ಭಯವೂ ಕಡಿಮೆ. ಘಾಟಿಯಲ್ಲಿ ಓಡಿಸುವ ಡ್ರೈವರ್‌ಗೆ ಇದು ಸಣ್ಣ ಮಾತಲ್ಲ.

ಇಲ್ಲಿ ಹಲವರು ಗಮನಿಸದ ಒಂದು ವಿಷಯ ಇದೆ. ನಿಮ್ಮ ಡಿಪೊ ಬೆಟ್ಟದ ಮೇಲಿದ್ದು, ಬೆಳಿಗ್ಗೆ ಬ್ಯಾಟರಿ ನೂರಕ್ಕೆ ನೂರು ತುಂಬಿಸಿ ಇಳಿಯಲು ಶುರು ಮಾಡಿದರೆ, ಬರುವ ಕರೆಂಟಿಗೆ ಜಾಗವೇ ಇರುವುದಿಲ್ಲ. ಅಂಥ ಕಡೆ 80, 85ಕ್ಕೆ ಚಾರ್ಜ್ ನಿಲ್ಲಿಸಬೇಕು. ಬಿಲ್ಲೂ ಕಡಿಮೆ, ಬ್ರೇಕೂ ಉಳಿಯುತ್ತದೆ.

ಸ್ವಿಟ್ಜರ್ಲೆಂಡ್‌ನ ಬೀಲ್ ಊರಿನ ಹತ್ತಿರ ಒಂದು ಸಿಮೆಂಟ್ ಕಂಪನಿಯ ಕಲ್ಲುಗಣಿ ಇದೆ. ಅಲ್ಲಿ ಕೊಮಾಟ್ಸು ಡಂಪರ್ ಒಂದರ ಡೀಸೆಲ್ ಎಂಜಿನ್ ತೆಗೆದು 600 ಯೂನಿಟ್ ಆಸುಪಾಸಿನ ಬ್ಯಾಟರಿ ಕೂರಿಸಿದರು. ಗಣಿ ಮೇಲೆ, ಕಲ್ಲು ಸುರಿಯುವ ಜಾಗ ಕೆಳಗೆ. ಡಂಪರ್ ಖಾಲಿ ಹತ್ತುತ್ತದೆ, ಆಗ ಅದರ ತೂಕ ಸುಮಾರು 45 ಟನ್. ಮೇಲೆ 65 ಟನ್ ಕಲ್ಲು ತುಂಬಿಸಿಕೊಳ್ಳುತ್ತದೆ. ಇಳಿಯುವಾಗ 110 ಟನ್ ಭಾರವೂ ಮೋಟಾರನ್ನು ತಿರುಗಿಸುತ್ತದೆ. ಹತ್ತಲು ಬಳಸಿದ್ದಕ್ಕಿಂತ ಇಳಿಯುವಾಗ ಬಂದದ್ದೇ ಜಾಸ್ತಿ. ಹೀಗೆ ಕಲ್ಲಿನ ಭಾರದಿಂದಲೇ ಬ್ಯಾಟರಿ ತುಂಬುತ್ತದೆ. ಎಲ್ಲರಿಗೂ ಇಂಥ ದಾರಿ ಸಿಗುವುದಿಲ್ಲ. ಆದರೆ ತುಂಬಿದ ಲಾರಿ ಇಳಿದು, ಖಾಲಿ ಹತ್ತುವ ಕೆಲಸ ನಿಮ್ಮದಾದರೆ ಡೀಸೆಲ್ ಓಡಿಸುವುದು ದುಡ್ಡು ಸುಟ್ಟ ಹಾಗೆ. ಉಲ್ಟಾ ಇದ್ದರೆ, ಅಂದರೆ ತುಂಬಿದ ಲಾರಿ ಹತ್ತಿ ಖಾಲಿ ಇಳಿಯುವುದಾದರೆ, ಬ್ಯಾಟರಿ ಲೆಕ್ಕದಲ್ಲಿ ಕೈ ಧಾರಾಳವಾಗಿರಲಿ.

ನಿಮ್ಮ ಸರಕು ತೂಕದ್ದೋ, ಜಾಗದ್ದೋ?

ಕೆಲವು ಸರಕಿಗೆ ಲಾರಿಯ ಬಾಡಿ ಮೊದಲು ತುಂಬುತ್ತದೆ: ಪಾರ್ಸಲ್, ಬಟ್ಟೆ, ಪ್ಲಾಸ್ಟಿಕ್ ಸಾಮಾನು, ಟಿಶ್ಯೂ ಪೇಪರ್. ಇನ್ನು ಕೆಲವಕ್ಕೆ ತೂಕ ಮೊದಲು ಮುಗಿಯುತ್ತದೆ: ಸಿಮೆಂಟ್, ಕಬ್ಬಿಣ, ಧಾನ್ಯ, ನೀರಿನ ಬಾಟಲಿ. ಮೊದಲನೇ ಗುಂಪಿನವರಿಗೆ ಬ್ಯಾಟರಿ ಭಾರ ಒಂದು ಸಮಸ್ಯೆಯೇ ಅಲ್ಲ. ಎರಡನೆಯವರಿಗೆ ಪ್ರತಿ ಟ್ರಿಪ್ಪಿನಲ್ಲೂ ನಷ್ಟ.

600 ಯೂನಿಟ್ ಬ್ಯಾಟರಿ ಅಂದರೆ ನಾಲ್ಕು ಟನ್ನಿಗೂ ಮೇಲೆ. ಎಂಜಿನ್, ಡೀಸೆಲ್ ಟ್ಯಾಂಕ್ ಹೋಗುವುದರಿಂದ ಸ್ವಲ್ಪ ತೂಕ ಇಳಿಯುತ್ತದೆ, ಆದರೂ ಲೆಕ್ಕ ಸರಿಹೋಗುವುದಿಲ್ಲ. ಅದಕ್ಕೇ ಕೆಲವು ದೇಶಗಳಲ್ಲಿ ಕಾನೂನು ರಿಯಾಯಿತಿ ಕೊಟ್ಟಿದೆ. ಯುರೋಪಿಯನ್ ಒಕ್ಕೂಟದಲ್ಲಿ ಹೊಗೆ ಬಿಡದ ಲಾರಿಗೆ 2 ಟನ್ ಜಾಸ್ತಿ ತೂಕಕ್ಕೆ ಅವಕಾಶ ಇದೆ. ಅಮೆರಿಕದಲ್ಲಿ 2,000 ಪೌಂಡ್, ಅಂದರೆ 900 ಕಿಲೋ. ನಿಮ್ಮ ಕಡೆ ಇಂಥ ರಿಯಾಯಿತಿ ಇದೆಯೋ ಇಲ್ಲವೋ ಅನ್ನುವುದನ್ನು ಮೊದಲೇ ತಿಳಿದುಕೊಳ್ಳಿ. ಒಂದೂವರೆ ಟನ್ ಲೋಡ್ ಕಡಿಮೆ ಹೊತ್ತರೆ ವರ್ಷಕ್ಕೆ ಎಷ್ಟು ಟ್ರಿಪ್ ಜಾಸ್ತಿ ಹೊಡೆಯಬೇಕು ಅನ್ನುವ ಲೆಕ್ಕವನ್ನು ಮಾರಾಟಗಾರರು ತಾವಾಗಿ ಹೇಳುವುದಿಲ್ಲ.

ಟೆಸ್ಲಾ ಕಂಪನಿ ತನ್ನ ಎಲೆಕ್ಟ್ರಿಕ್ ಲಾರಿ ಸೆಮಿಯನ್ನು ಜಗತ್ತಿಗೆ ತೋರಿಸಿದ್ದು 2017ರಲ್ಲಿ. ಮೊದಲ ಲಾರಿಗಳು ಪೆಪ್ಸಿಕೊ ಕೈಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ. ಪೆಪ್ಸಿಕೊ ಅವನ್ನು ಹೇಗೆ ಹಂಚಿತು ನೋಡಿ. ಚಿಪ್ಸ್ ಲೋಡಿಗೆ ದೂರದ ದಾರಿ, ತಂಪು ಪಾನೀಯದ ಲೋಡಿಗೆ ಆರಂಭದಲ್ಲಿ ಹತ್ತಿರದ ದಾರಿ. ಒಂದೇ ಕಂಪನಿ, ಒಂದೇ ಲಾರಿ, ಆದರೆ ಚಿಪ್ಸ್ ಹಗುರ, ಬಾಟಲಿ ಭಾರ. ನಿಮ್ಮ ಗೋದಾಮಿನಲ್ಲೂ ಎರಡೂ ಬಗೆಯ ಸರಕು ಇದ್ದರೆ ಹೀಗೇ ಬೇರೆ ಮಾಡಬಹುದು.

ಯಾವ ಕೆಲಸಕ್ಕೆ ಯಾವುದು

ಊರೊಳಗಿನ ಡೆಲಿವರಿಗೆ ಎಲೆಕ್ಟ್ರಿಕ್ಕೇ. ಇದರಲ್ಲಿ ನನಗೆ ಸ್ವಲ್ಪವೂ ಅನುಮಾನ ಇಲ್ಲ. ದಿನಕ್ಕೆ 80ರಿಂದ 150 ಕಿ.ಮೀ., ನಿಂತು ನಿಂತು ಓಟ, ಸಂಜೆ ವಾಪಸ್. ಪ್ರತಿ ಸಿಗ್ನಲ್‌ನಲ್ಲೂ ಡೀಸೆಲ್ ಎಂಜಿನ್ ಸುಮ್ನೆ ಉರಿಯುತ್ತಿರುತ್ತದೆ, ಮೋಟಾರ್ ಸುಮ್ಮನಿರುತ್ತದೆ. ಸದ್ದಿಲ್ಲದ ಕಾರಣ ರಾತ್ರಿ ಹೊತ್ತು ಜನವಸತಿ ಬೀದಿಗೆ ಸರಕು ಇಳಿಸಬಹುದು. ಇಲ್ಲಿ ಆಗುವ ತಪ್ಪು ಅಂದರೆ ಬೇಕಾದ್ದಕ್ಕಿಂತ ದೊಡ್ಡ ಬ್ಯಾಟರಿ ತಗೊಳ್ಳುವುದು. 120 ಕಿ.ಮೀ. ಓಡುವ ವ್ಯಾನಿಗೆ 300 ಕಿ.ಮೀ. ಬ್ಯಾಟರಿ ಬೇಡ. ಬೇಡದ ಭಾರವನ್ನು ದಿನಾ ಹೊತ್ತು ತಿರುಗಿದ ಹಾಗಾಗುತ್ತದೆ. 11 ಅಥವಾ 22 ಕಿಲೋವ್ಯಾಟ್‌ನ, ಅಂದರೆ ಗಂಟೆಗೆ 11 ಅಥವಾ 22 ಯೂನಿಟ್ ತುಂಬುವ, ಸಾಧಾರಣ ಚಾರ್ಜರ್ ಸಾಕು, ಏಳೆಂಟು ಗಂಟೆ ಹಾಕಿಟ್ಟರೆ ಬೆಳಿಗ್ಗೆ ಗಾಡಿ ತಯಾರು.

ಬಂದರು ಮತ್ತು ಗೋದಾಮಿನ ನಡುವೆ ಕಂಟೇನರ್ ಸಾಗಿಸುವ ಕೆಲಸವೂ ಎಲೆಕ್ಟ್ರಿಕ್‌ಗೆ ಹೇಳಿ ಮಾಡಿಸಿದ್ದು. ಭಾರ ಜಾಸ್ತಿ, ಆದರೆ ದೂರ ಕಡಿಮೆ. ಕಾಯುವ ಹೊತ್ತು ಉದ್ದ. ಗೇಟಿನ ಮುಂದೆ ಸಾಲಿನಲ್ಲಿ ಗಂಟೆಗಟ್ಟಲೆ ನಿಂತ ಡೀಸೆಲ್ ಲಾರಿಗಳ ಹೊಗೆಯನ್ನು ಕುಡಿಯುವವರು ಅಲ್ಲಿನ ಡ್ರೈವರ್‌ಗಳು, ಹಮಾಲರು, ಸುತ್ತ ವಾಸ ಮಾಡುವ ಮಕ್ಕಳು. ಬೇರೆಲ್ಲ ಲೆಕ್ಕ ಸಮಸಮ ಬಂದರೂ ಈ ಒಂದು ಕಾರಣಕ್ಕೆ ನಾನು ಎಲೆಕ್ಟ್ರಿಕ್ ಕಡೆ ವಾಲುತ್ತೇನೆ.

ಡಿಪೊದಿಂದ ಸುತ್ತಮುತ್ತಲ ಊರುಗಳಿಗೆ 150, 250 ಕಿ.ಮೀ. ಹಂಚಿಕೆ ಮಾಡುವ ಮಧ್ಯಮ ಲಾರಿಗಳು ಎರಡೂ ಕಡೆ ಬರಬಹುದು. ದಾರಿ ನಿಗದಿ ಇದ್ದರೆ ಎಲೆಕ್ಟ್ರಿಕ್, ದಿನಾ ಬದಲಾಗುತ್ತಿದ್ದರೆ ಇನ್ನೊಮ್ಮೆ ಯೋಚಿಸಿ. ಫ್ರೀಜರ್ ಬಾಡಿ ಇದ್ದರೆ ತಂಪು ಮಾಡುವ ಯಂತ್ರವೂ ಗಂಟೆಗೆ ಕೆಲವು ಯೂನಿಟ್ ಎಳೆಯುತ್ತದೆ. ಇಪ್ಪತ್ತು ಕಡೆ ಬಾಗಿಲು ತೆಗೆದು ಹಾಕುವ ಬೇಸಿಗೆ ದಿನದ ಲೆಕ್ಕ ಹಿಡಿಯಿರಿ. ಲೋಡ್ ಇಳಿಸುವ ಕಡೆ ಅರ್ಧ ಗಂಟೆ ನಿಲ್ಲುತ್ತೀರಾದರೆ, ಅಲ್ಲೊಂದು ಚಾರ್ಜರ್ ಹಾಕಿಸಲು ಗಿರಾಕಿಯ ಹತ್ತಿರ ಮಾತಾಡಿ. ಇನ್ನೂ ದೊಡ್ಡ ಬ್ಯಾಟರಿ ತಗೊಳ್ಳುವುದಕ್ಕಿಂತ ಅದು ಅಗ್ಗ ಬೀಳಬಹುದು.

ದೂರದ ಹೆದ್ದಾರಿ ಓಟವೇ ಈಗಿನ ದೊಡ್ಡ ಚರ್ಚೆ. ಲಾರಿಗಳು ಸುಧಾರಿಸಿರುವುದಂತೂ ನಿಜ. ವೋಲ್ವೊ 2022ರಲ್ಲಿ 44 ಟನ್ನಿನ ಲಾರಿ ತಯಾರಿಕೆ ಶುರು ಮಾಡಿದಾಗ 540 ಯೂನಿಟ್ ಬ್ಯಾಟರಿಗೆ 300 ಕಿ.ಮೀ. ತನಕ ಅಂದಿತ್ತು. ಮರ್ಸಿಡಿಸ್ ಬೆಂಜ್ 2024ರ ಕೊನೆಯಲ್ಲಿ ತಯಾರಿಕೆ ಶುರು ಮಾಡಿದ ಇ-ಆಕ್ಟ್ರೋಸ್ 600ಕ್ಕೆ 621 ಯೂನಿಟ್ ಬ್ಯಾಟರಿ. ಕಂಪನಿಯ ಪ್ರಕಾರ 40 ಟನ್ನಿನಲ್ಲಿ 500 ಕಿ.ಮೀ. ಯುರೋಪಿನ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದ ಡ್ರೈವರ್ 45 ನಿಮಿಷ ನಿಲ್ಲಲೇಬೇಕು. ಅಷ್ಟು ಹೊತ್ತಿನಲ್ಲಿ 350 ಕಿ.ಮೀ. ಓಡಿರುತ್ತದೆ, 430 ಯೂನಿಟ್ ಆಸುಪಾಸು ಖರ್ಚಾಗಿರುತ್ತದೆ. ಬ್ಯಾಟರಿ ಸಾಲುತ್ತದೆ ಅಲ್ವಾ?

ಸಾಲದಿರುವುದು ಚಾರ್ಜರ್. 400 ಕಿಲೋವ್ಯಾಟ್ ಚಾರ್ಜರ್‌ನಲ್ಲಿ 45 ನಿಮಿಷಕ್ಕೆ ಹೆಚ್ಚೆಂದರೆ 300 ಯೂನಿಟ್ ಹೋಗುತ್ತದೆ. ಒಂದು ಮೆಗಾವ್ಯಾಟ್ (1,000 ಕಿಲೋವ್ಯಾಟ್) ಇದ್ದರೆ ಅದೇ ಮರ್ಸಿಡಿಸ್ 20ರಿಂದ 80 ಶೇಕಡಾಕ್ಕೆ ಬರಲು ಅರ್ಧ ಗಂಟೆ ಸಾಕು ಅನ್ನುತ್ತದೆ ಕಂಪನಿ. ಇದಕ್ಕೇ ಅಂತ ಮೆಗಾವ್ಯಾಟ್ ಚಾರ್ಜಿಂಗ್ ಅನ್ನುವ ಹೊಸ ಪ್ಲಗ್ ಬಂದಿದೆ, ಅದರ ಗರಿಷ್ಠ ಮಿತಿ 3.75 ಮೆಗಾವ್ಯಾಟ್. ಆದರೆ ರಸ್ತೆ ಬದಿಯಲ್ಲಿ ಅಂಥವು ಇನ್ನೂ ವಿರಳ. ಯುರೋಪಿಯನ್ ಒಕ್ಕೂಟ 2030ರ ಹೊತ್ತಿಗೆ ತನ್ನ ಮುಖ್ಯ ಹೆದ್ದಾರಿಗಳಲ್ಲಿ 60 ಕಿ.ಮೀ.ಗೆ ಒಂದರಂತೆ ಲಾರಿ ಚಾರ್ಜಿಂಗ್ ಜಾಗ ಇರಬೇಕು ಅಂತ ನಿಯಮ ಮಾಡಿದೆ.

ಚಾರ್ಜರ್ ಇದ್ದರೂ ಲಾರಿ ಅಲ್ಲಿಗೆ ಹೋಗಬೇಕಲ್ಲ. ಕಾರಿಗೆ ಮಾಡಿದ ಜಾಗಕ್ಕೆ 16 ಮೀಟರ್ ಉದ್ದದ ಗಾಡಿ ಹೊಗುವುದಿಲ್ಲ. ಡ್ರೈವರ್ ಇಳಿಯಬೇಕು, ಟ್ರೇಲರ್‌ನ ಕಾಲು ಇಳಿಸಬೇಕು, ಗಾಳಿ ಪೈಪು, ವೈರು ಬಿಚ್ಚಬೇಕು, ಟ್ರೇಲರನ್ನು ಎಲ್ಲೋ ಬದಿಗೆ ಬಿಟ್ಟು ಮುಂಭಾಗವನ್ನು ಮಾತ್ರ ಚಾರ್ಜರ್ ಹತ್ತಿರ ಒಯ್ಯಬೇಕು. ಮುಗಿದ ಮೇಲೆ ಇನ್ನೊಮ್ಮೆ ಎಲ್ಲ ಜೋಡಿಸಬೇಕು. ಮಳೆಯಲ್ಲಿ, ರಾತ್ರಿಯಲ್ಲಿ. ಈ 45 ನಿಮಿಷವನ್ನು ವಿಶ್ರಾಂತಿ ಅಂತ ಬರೆಯುವುದು ಡ್ರೈವರ್‌ಗೆ ಮಾಡುವ ಅನ್ಯಾಯ. ಲಾರಿ ನಿಂತು ಹಾದುಹೋಗುವಂತೆ ಮಾಡಿದ ಜಾಗಗಳು ನಿಮ್ಮ ದಾರಿಯಲ್ಲಿ ಎಲ್ಲೆಲ್ಲಿವೆ ಅಂತ ಗುರುತು ಹಾಕಿಕೊಳ್ಳಿ. ಎರಡಕ್ಕಿಂತ ಕಡಿಮೆ ಇದ್ದರೆ ಆ ದಾರಿಗೆ ಎಲೆಕ್ಟ್ರಿಕ್ ಬೇಡ. ಒಂದು ಕೆಟ್ಟರೆ ಇನ್ನೊಂದು ಇರಬೇಕು.

2023ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ ಪೆಪ್ಸಿಕೊದ ಟೆಸ್ಲಾ ಸೆಮಿಯೊಂದು ಒಂದೇ ದಿನ 1,000 ಮೈಲಿಗೂ ಜಾಸ್ತಿ, ಅಂದರೆ 1,600 ಕಿ.ಮೀ. ದಾಟಿ ಓಡಿತು. ಅದನ್ನು ಕೇಳಿ ಹುರುಪಾಗುವುದು ಸಹಜ. ಆದರೆ ಡಿಪೊದಲ್ಲೇ ಅತಿ ವೇಗದ ಚಾರ್ಜರ್ ಇದ್ದದ್ದರಿಂದ ಅದು ಆಯಿತು. ಲಾರಿ ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕಿಂತ ಎಷ್ಟು ಬೇಗ ತುಂಬುತ್ತದೆ, ಎಲ್ಲಿ ತುಂಬುತ್ತದೆ ಅನ್ನುವುದೇ ಮುಖ್ಯ ಅಂತ ಅದು ತೋರಿಸಿತು.

ಪ್ಲಗ್ ಹಾಕುವುದೋ, ಬ್ಯಾಟರಿ ಬದಲಿಸುವುದೋ

ಚೀನಾದಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಕ್ಯಾಬಿನ್ ಹಿಂದೆ ನಿಂತಿರುವ ದೊಡ್ಡ ಬ್ಯಾಟರಿ ಪೆಟ್ಟಿಗೆಯನ್ನು ಯಂತ್ರ ಮೇಲಕ್ಕೆತ್ತಿ, ತುಂಬಿದ ಇನ್ನೊಂದನ್ನು ಕೂರಿಸುತ್ತದೆ. ಐದು ನಿಮಿಷದ ಕೆಲಸ. ಅಲ್ಲಿ 282 ಯೂನಿಟ್ ಪೆಟ್ಟಿಗೆ ಬಹಳ ಬಳಕೆಯಲ್ಲಿದೆ. ಉಕ್ಕಿನ ಕಾರ್ಖಾನೆ, ಗಣಿ, ಬಂದರುಗಳ ಸುತ್ತ ಹಗಲೂ ರಾತ್ರಿ ಓಡುವ ಲಾರಿಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಬ್ಯಾಟರಿಯನ್ನು ಬಾಡಿಗೆಗೆ ಪಡೆಯಬಹುದು, ಹಾಗಾಗಿ ಲಾರಿಗೆ ಹಾಕುವ ಬಂಡವಾಳ ಕಡಿಮೆ. ತೆಗೆದ ಬ್ಯಾಟರಿಯನ್ನು ನಿಧಾನಕ್ಕೆ ಚಾರ್ಜ್ ಮಾಡುವುದರಿಂದ ಅದರ ಆಯಸ್ಸೂ ಹೆಚ್ಚು.

ತೊಂದರೆ ಏನಂದರೆ ಒಂದು ಬದಲಿ ಕೇಂದ್ರ ಗಿಟ್ಟಬೇಕಾದರೆ ಅದೇ ಅಳತೆಯ ಬ್ಯಾಟರಿಯ ಲಾರಿಗಳು ಹತ್ತಾರು ಇರಬೇಕು. ನಿಮ್ಮ ಹತ್ತಿರ ಇರುವುದು ಐದು ಲಾರಿ, ಹತ್ತಿರದಲ್ಲಿ ಬೇರೆಯವರ ಕೇಂದ್ರವೂ ಇಲ್ಲ ಅಂದರೆ ಈ ಮಾತು ಇಲ್ಲಿಗೇ ಬಿಡಿ. ಇದೆ ಅಂದರೆ, ಆ ಕಂಪನಿ ನಾಳೆ ದರ ಏರಿಸಿದರೆ ಬೇರೆ ಕಡೆ ಹೋಗಲು ದಾರಿ ಇದೆಯೇ, ಅದೇ ಲಾರಿಗೆ ಪ್ಲಗ್ ಹಾಕಿಯೂ ಚಾರ್ಜ್ ಮಾಡಬಹುದೇ ಅಂತ ಕೇಳಿ ಸಹಿ ಹಾಕಿ.

ಹೈಡ್ರೋಜನ್ ಲಾರಿಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಬೇಗ ತುಂಬುತ್ತದೆ, ದೂರ ಹೋಗುತ್ತದೆ, ನಿಜ. ಆದರೆ ಕರೆಂಟಿನಿಂದ ಹೈಡ್ರೋಜನ್ ಮಾಡಿ, ಒತ್ತಿ ತುಂಬಿ, ಅದರಿಂದ ಮತ್ತೆ ಕರೆಂಟು ಮಾಡುವ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಕಳೆದುಹೋಗಿರುತ್ತದೆ. ಅದೇ ಕರೆಂಟನ್ನು ನೇರ ಬ್ಯಾಟರಿಗೆ ಹಾಕಿದರೆ ಎರಡು ಪಟ್ಟಿಗೂ ಜಾಸ್ತಿ ದೂರ ಹೋಗಬಹುದು. ತುಂಬಿಸುವ ಜಾಗಗಳೂ ಬೆರಳೆಣಿಕೆಯಷ್ಟು. ಇವತ್ತು ದುಡ್ಡು ಹಾಕುವವರಿಗೆ ನಾನಿದನ್ನು ಸೂಚಿಸುವುದಿಲ್ಲ.

ಡಿಪೊಗೆ ಬರುವ ಕರೆಂಟು

ಎಲ್ಲಕ್ಕಿಂತ ಹೆಚ್ಚು ತಲೆಬಿಸಿ ಇಲ್ಲೇ. ಹಾಗಾಗಿ ಇದನ್ನು ನಿಧಾನಕ್ಕೆ ಓದಿ.

ಇಪ್ಪತ್ತು ಲಾರಿ ಇವೆ, ಒಂದೊಂದಕ್ಕೂ ರಾತ್ರಿ 250 ಯೂನಿಟ್ ಬೇಕು. ಒಟ್ಟು 5,000 ಯೂನಿಟ್. ಎಂಟು ಗಂಟೆಯಲ್ಲಿ ಹಂಚಿದರೆ 625 ಕಿಲೋವ್ಯಾಟ್ ಲೋಡ್, ಅಂದರೆ ಒಮ್ಮೆಗೆ ಎಳೆಯುವ ಕರೆಂಟು. ಈಗ ಬೇರೆ ರೀತಿ ನೋಡಿ. ಸಂಜೆ ಆರಕ್ಕೆ ಇಪ್ಪತ್ತೂ ಲಾರಿ ಬಂದವು, ಎಲ್ಲರೂ ಪ್ಲಗ್ ಹಾಕಿ ಮನೆಗೆ ಹೋದರು, ಪ್ರತಿ ಚಾರ್ಜರ್ 150 ಕಿಲೋವ್ಯಾಟ್ ಎಳೆಯಿತು. 3,000 ಕಿಲೋವ್ಯಾಟ್! ಲಾರಿ ಅವೇ, ಯೂನಿಟ್ ಅಷ್ಟೇ, ಲೋಡ್ ಮಾತ್ರ ಸುಮಾರು ಐದು ಪಟ್ಟು. ಎರಡು ಗಂಟೆಯೊಳಗೆ ಎಲ್ಲ ತುಂಬಿ, ಉಳಿದ ಆರು ಗಂಟೆ ಚಾರ್ಜರ್‌ಗಳು ಸುಮ್ನೆ ನಿಂತಿರುತ್ತವೆ.

ಹಲವು ಕಡೆ ವಿದ್ಯುತ್ ಕಂಪನಿ ಬಿಲ್ ಹಾಕುವುದು ಬರೀ ಯೂನಿಟ್ ಮೇಲಲ್ಲ. ತಿಂಗಳಲ್ಲಿ ಒಮ್ಮೆ ಎಷ್ಟು ಎತ್ತರದ ಲೋಡ್ ಎಳೆದಿರಿ ಅನ್ನುವುದಕ್ಕೂ ಶುಲ್ಕ ಇರುತ್ತದೆ. ಒಂದೇ ಒಂದು ಸಂಜೆ ಎಲ್ಲ ಒಟ್ಟಿಗೆ ಎಳೆದರೂ ಇಡೀ ತಿಂಗಳ ಬಿಲ್ಲು ಏರಬಹುದು. ಅದಕ್ಕೇ ಚಾರ್ಜರ್‌ಗಿಂತ ಮೊದಲು ಅದನ್ನು ಹಂಚಿ ನಡೆಸುವ ಸಾಫ್ಟ್‌ವೇರ್ ನೋಡಿ. ಬೆಳಿಗ್ಗೆ ನಾಲ್ಕಕ್ಕೆ ಹೊರಡುವ ಲಾರಿಗೆ ಮೊದಲು, ಎಂಟಕ್ಕೆ ಹೊರಡುವುದಕ್ಕೆ ಆಮೇಲೆ. ಇಷ್ಟು ಮಾಡಿದರೆ ಸಣ್ಣ ಟ್ರಾನ್ಸ್‌ಫಾರ್ಮರ್‌ನಲ್ಲೇ ಕೆಲಸ ಮುಗಿಯಬಹುದು.

ದೊಡ್ಡ ಲೋಡಿನ ಹೊಸ ಸಂಪರ್ಕಕ್ಕೆ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಲಾರಿ ಬೇಗ ಸಿಗುತ್ತದೆ, ಲೈನು ಬೇಗ ಸಿಗುವುದಿಲ್ಲ. ಲಾರಿಗೆ ಮುಂಗಡ ಕೊಡುವ ಮೊದಲು ವಿದ್ಯುತ್ ಕಂಪನಿಗೆ ಅರ್ಜಿ ಹಾಕಿ, ಅವರಿಂದ ಲಿಖಿತ ಉತ್ತರ ತಗೊಳ್ಳಿ. ಡಿಪೊ ಜಾಗವೇ ಬಾಡಿಗೆಯದ್ದಾದರೆ ಮಾಲೀಕರ ಒಪ್ಪಿಗೆಯೂ ಬೇಕು. ಕರಾರು ಮೂರು ವರ್ಷಕ್ಕೆ ಮುಗಿಯುವುದಾದರೆ, ನೆಲ ಅಗೆದು ಕೇಬಲ್ ಹಾಕುವ ಖರ್ಚು ನಿಮಗೆ ವಾಪಸ್ ಬರುವುದಿಲ್ಲ.

ಸಣ್ಣದಾಗಿ ಕಂಡರೂ ಕಾಡುವ ವಿಷಯಗಳು ಇನ್ನೂ ಇವೆ. ಚಾರ್ಜಿಂಗ್ ಬಾಯಿ ಲಾರಿಯ ಯಾವ ಪಕ್ಕದಲ್ಲಿದೆ? ಎರಡು ಕಂಪನಿಯ ಲಾರಿಗಳಲ್ಲಿ ಒಂದಕ್ಕೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ ಇದ್ದರೆ ಕೇಬಲ್ ತಲುಪುವುದಿಲ್ಲ, ಲಾರಿಯನ್ನು ತಿರುಗಿಸಿ ನಿಲ್ಲಿಸಬೇಕಾಗುತ್ತದೆ. ನೆಲದ ಮೇಲೆ ಬಿದ್ದ ಕೇಬಲ್ ಮೇಲೆ ಚಕ್ರ ಹತ್ತಿದರೆ ಹೊಸದು ತರಬೇಕು. ಮೇಲಿನಿಂದ ಇಳಿಬಿಡುವ ಕೇಬಲ್ಲಾದರೆ ವಾಸಿ. ಹಿಮ್ಮುಖವಾಗಿ ಬರುವ ಲಾರಿ ಚಾರ್ಜರ್‌ಗೆ ಗುದ್ದದಂತೆ ಮುಂದೆ ಗಟ್ಟಿ ಕಂಬ ಇರಲಿ. ಒಂದು ಚಾರ್ಜರ್ ಕೆಟ್ಟ ದಿನ ಏನು ಮಾಡುತ್ತೀರಿ, ರಿಪೇರಿಗೆ ಎಷ್ಟು ಗಂಟೆಯಲ್ಲಿ ಬರುತ್ತಾರೆ ಅನ್ನುವುದು ಕರಾರಿನಲ್ಲಿ ಬರೆದಿರಲಿ. ಚಾವಣಿಗೆ ಸೋಲಾರ್ ಹಾಕಿದರೆ ಸಾಕಲ್ಲ ಅನ್ನುವವರು ಇದ್ದಾರೆ. ಬಿಸಿಲು ಇರುವಾಗ ಲಾರಿ ರಸ್ತೆ ಮೇಲಿರುತ್ತದೆ, ಲಾರಿ ಬಂದಾಗ ಬಿಸಿಲು ಇರುವುದಿಲ್ಲ. ಸೋಲಾರ್ ಒಳ್ಳೆಯದೇ, ಆದರೆ ಅದಕ್ಕೆ ಬೇರೆ ಬ್ಯಾಟರಿ ಬೇಕಾಗುತ್ತದೆ.

ದುಡ್ಡಿನ ಲೆಕ್ಕ

ಯಾವ ದೇಶದ ದುಡ್ಡಾದರೂ ಈ ಲೆಕ್ಕ ನಡೆಯುತ್ತದೆ. ಭಾರಿ ಲಾರಿಗೆ 100 ಕಿ.ಮೀ.ಗೆ 30 ಲೀಟರ್ ಡೀಸೆಲ್ ಬೇಕು. ಎಲೆಕ್ಟ್ರಿಕ್‌ಗೆ, ಚಾರ್ಜ್ ಮಾಡುವಾಗಿನ ನಷ್ಟವೂ ಸೇರಿ, 130 ಯೂನಿಟ್. ಅಂದರೆ ಒಂದು ಲೀಟರಿಗೆ ಸರಿಸುಮಾರು ನಾಲ್ಕೂಕಾಲು ಯೂನಿಟ್. ನಿಮ್ಮಲ್ಲಿನ ಡೀಸೆಲ್ ಲೀಟರ್ ಬೆಲೆಯನ್ನು ಕರೆಂಟಿನ ಯೂನಿಟ್ ಬೆಲೆಯಿಂದ ಭಾಗಿಸಿ. ಉತ್ತರ ನಾಲ್ಕೂಕಾಲಿಗಿಂತ ಎಷ್ಟು ಮೇಲಿದೆಯೋ ಅಷ್ಟು ಉಳಿತಾಯ. ಅದಕ್ಕಿಂತ ಕೆಳಗಿದ್ದರೆ ಓಡಿಸುವ ಖರ್ಚೇ ಗಿಟ್ಟುವುದಿಲ್ಲ. ಡಿಪೊ ದರದಲ್ಲಿ ಒಮ್ಮೆ, ರಸ್ತೆ ಬದಿಯ ವೇಗದ ಚಾರ್ಜರ್ ದರದಲ್ಲಿ ಒಮ್ಮೆ, ಹೀಗೆ ಎರಡು ಸಲ ಹಾಕಿ. ಡಿಪೊದಲ್ಲಿ ಲಾಭ ಕೊಡುವ ಅದೇ ಲಾರಿ ರಸ್ತೆ ಬದಿಯ ದರದಲ್ಲಿ ಡೀಸೆಲ್‌ಗಿಂತ ದುಬಾರಿ ಆಗುವುದುಂಟು.

ಭಾರಿ ಎಲೆಕ್ಟ್ರಿಕ್ ಲಾರಿಯ ಬೆಲೆ ಡೀಸೆಲ್‌ದಕ್ಕಿಂತ ಎರಡು ಪಟ್ಟು ಆಗುವುದು ಹಲವು ದೇಶಗಳಲ್ಲಿ ಸಾಮಾನ್ಯ. ಆ ಹೆಚ್ಚುವರಿ ಬೆಲೆಗೆ ಚಾರ್ಜರ್ ಖರ್ಚು ಕೂಡಿಸಿ, ಕಿಲೋಮೀಟರಿಗೆ ಆಗುವ ಉಳಿತಾಯದಿಂದ ಭಾಗಿಸಿ. ಎಷ್ಟು ಕಿಲೋಮೀಟರ್ ಓಡಿದರೆ ದುಡ್ಡು ವಾಪಸ್ ಅನ್ನುವುದು ಬರುತ್ತದೆ. ಆಯಿಲ್, ಫಿಲ್ಟರ್, ಕ್ಲಚ್ ಖರ್ಚು ಇಲ್ಲದ್ದರಿಂದ ಆಗುವ ಉಳಿತಾಯವನ್ನೂ ಸೇರಿಸಿ. ಟೈರಿನಲ್ಲಿ ಸ್ವಲ್ಪ ಕಳೆಯಿರಿ, ಭಾರಕ್ಕೂ ಮೋಟಾರಿನ ಎಳೆತಕ್ಕೂ ಅವು ಬೇಗ ಸವೆಯುತ್ತವೆ.

ಈ ಲೆಕ್ಕದಲ್ಲಿ ಒಂದು ಸಿಕ್ಕು ಇದೆ. ದುಡ್ಡು ವಾಪಸ್ ಬರಬೇಕಾದರೆ ಲಾರಿ ಜಾಸ್ತಿ ಓಡಬೇಕು. ಜಾಸ್ತಿ ಓಡಿದರೆ ಬ್ಯಾಟರಿ ಸಾಲುವುದಿಲ್ಲ. ದಿನಕ್ಕೆ 40 ಕಿ.ಮೀ. ಓಡುವ ಲಾರಿಗೆ ಎಲೆಕ್ಟ್ರಿಕ್ ಸುಲಭ, ಆದರೆ ಹಾಕಿದ ದುಡ್ಡು ವಾಪಸ್ ಬರುವುದು ಕಷ್ಟ. 600 ಕಿ.ಮೀ. ಓಡುವುದಕ್ಕೆ ಉಳಿತಾಯ ಭಾರಿ, ಆದರೆ ಚಾರ್ಜರ್ ಇಲ್ಲ. ನಡುವಿನ 150ರಿಂದ 300 ಕಿ.ಮೀ. ಇದೆಯಲ್ಲ, ಅಲ್ಲಿ ಎರಡೂ ಹೊಂದುತ್ತವೆ. ಎರಡು ಪಾಳಿಯಲ್ಲಿ ಓಡುವ ಲಾರಿಯಾದರೆ, ಪಾಳಿ ಬದಲಾಗುವಾಗ ಒಂದು ಗಂಟೆ ವೇಗದ ಚಾರ್ಜ್ ಕೊಟ್ಟು ದಿನಕ್ಕೆ 400 ಕೂಡ ಮಾಡಬಹುದು. ಲೆಕ್ಕ ಎಲ್ಲಕ್ಕಿಂತ ಚೆನ್ನಾಗಿ ಕೂಡಿಬರುವುದು ಅಲ್ಲೇ.

ಬ್ಯಾಟರಿಯಲ್ಲಿ ಎರಡು ಬಗೆ ಮುಖ್ಯ. ಕಬ್ಬಿಣ-ಫಾಸ್ಫೇಟ್ ಬಳಸುವ ಎಲ್‌ಎಫ್‌ಪಿ ಸ್ವಲ್ಪ ಭಾರ, ಆದರೆ ಹೆಚ್ಚು ವರ್ಷ ಬಾಳುತ್ತದೆ, ಬಿಸಿಗೆ ಬೇಗ ಬೆಂಕಿ ಹಿಡಿಯುವುದಿಲ್ಲ. ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಳಸುವ ಎನ್‌ಎಂಸಿ ಹಗುರ, ಚಳಿಯಲ್ಲಿ ವಾಸಿ, ಬೆಲೆ ಜಾಸ್ತಿ. ದಿನಾ ತುಂಬಿಸಿ ದಿನಾ ಖಾಲಿ ಮಾಡುವ ಲಾರಿಗೆ ನನ್ನ ಆಯ್ಕೆ ಎಲ್‌ಎಫ್‌ಪಿ. ತೂಕದ ಸರಕು ಸಾಗಿಸುವವರು ಎನ್‌ಎಂಸಿ ಕಡೆ ನೋಡಬಹುದು. ವಾರಂಟಿ ಎಷ್ಟು ವರ್ಷ ಅನ್ನುವುದಕ್ಕಿಂತ, ಆ ಅವಧಿಯ ಕೊನೆಗೆ ಎಷ್ಟು ಶೇಕಡಾ ಶಕ್ತಿ ಉಳಿಯುತ್ತದೆ ಅಂತ ಬರೆದು ಕೊಡುತ್ತಾರೆ ಅನ್ನುವುದನ್ನು ಓದಿ.

ಕಂಪನಿ ಉಳಿಯುತ್ತದೆಯೇ ಅನ್ನುವುದೂ ಲೆಕ್ಕದ ಭಾಗವೇ. 2023ರಲ್ಲಿ ಬ್ಯಾಟರಿ ಪೂರೈಸುತ್ತಿದ್ದ ಪ್ರೊಟೆರಾ ದಿವಾಳಿ ಅರ್ಜಿ ಹಾಕಿತು. ಅದನ್ನೇ ನಂಬಿದ್ದ ಎಲೆಕ್ಟ್ರಿಕ್ ಲಾರಿ ಕಂಪನಿ ವೋಲ್ಟಾ ಟ್ರಕ್ಸ್ ಕೆಲವೇ ತಿಂಗಳಲ್ಲಿ ಅದೇ ದಾರಿ ಹಿಡಿಯಿತು. 2025ರ ಫೆಬ್ರವರಿಯಲ್ಲಿ ಇನ್ನೊಂದು ಲಾರಿ ಕಂಪನಿ, ನಿಕೋಲಾ. ಹೊಸ ಕಂಪನಿಯ ಲಾರಿ ಎಷ್ಟೇ ಚೆನ್ನಾಗಿರಲಿ, ಬಿಡಿಭಾಗ ಮತ್ತು ಸಾಫ್ಟ್‌ವೇರ್ ನಿಂತರೆ ಅದು ಅಂಗಳದಲ್ಲಿ ನಿಂತ ಕಬ್ಬಿಣ. ಇದೇ ಕಾರಣಕ್ಕೆ ಮೊದಲ ಕೆಲವು ಲಾರಿಗಳನ್ನು ಕೊಳ್ಳುವ ಬದಲು ಲೀಸಿಗೆ ಪಡೆಯುವುದು ಜಾಣತನ. ಹಳೇ ಎಲೆಕ್ಟ್ರಿಕ್ ಲಾರಿಗೆ ಎಷ್ಟು ಬೆಲೆ ಸಿಗುತ್ತದೆ ಅನ್ನುವ ಚಿಂತೆ ಲೀಸ್ ಕೊಟ್ಟವರದ್ದಾಗಲಿ.

ಪ್ರಯೋಗದ ಓಟ

ಮಾರುವವರ ಹತ್ತಿರ ಎರಡು ವಾರಕ್ಕೆ ಒಂದು ಲಾರಿ ಕೇಳಿ. ಖಾಲಿ ಓಡಿಸಿ ನೋಡಬೇಡಿ. ನಿಮ್ಮ ಅತಿ ಭಾರದ ಲೋಡ್, ಅತಿ ಉದ್ದದ ದಾರಿ, ಸಿಕ್ಕರೆ ಅತಿ ಕೆಟ್ಟ ಹವೆಯ ದಿನ. ಒಬ್ಬರೇ ಡ್ರೈವರ್ ಕೈಗೆ ಕೊಡದೆ ಮೂವರ ಕೈಗೆ ಕೊಡಿ. ಮುಂದೆ ದೂರ ನೋಡಿ ಕಾಲು ಮೊದಲೇ ತೆಗೆಯುವವರಿಗೂ ಕೊನೇ ಗಳಿಗೆಯಲ್ಲಿ ಬ್ರೇಕ್ ತುಳಿಯುವವರಿಗೂ ಯೂನಿಟ್‌ನಲ್ಲಿ ಎದ್ದು ಕಾಣುವ ಅಂತರ ಬರುತ್ತದೆ. ಅವರ ಮಾತನ್ನೂ ಕೇಳಿಸಿಕೊಳ್ಳಿ. ಕಂಪನ ಇಲ್ಲ, ಸದ್ದಿಲ್ಲ, ಗೇರ್ ಬದಲಿಸುವ ಕೆಲಸ ಇಲ್ಲ ಅನ್ನುವುದರಿಂದ ಸಂಜೆಗೆ ಮೈಕೈ ನೋವು ಎಷ್ಟು ಕಡಿಮೆ ಅಂತ ಅವರೇ ಹೇಳಬೇಕು. ಚಾರ್ಜ್ ಆಗುವ ಹೊತ್ತಿಗೆ ಸಂಬಳ ಇದೆಯೇ ಅಂತ ಅವರು ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರಲಿ.

ಪ್ರತಿ ದಿನ ಟ್ರಿಪ್ ಶೀಟ್‌ನಲ್ಲಿ ಹೊರಟಾಗಿನ ಶೇಕಡಾ, ವಾಪಸ್ ಬಂದಾಗಿನ ಶೇಕಡಾ, ಲೋಡ್ ತೂಕ, ಚಾರ್ಜರ್ ಮೀಟರ್‌ನಲ್ಲಿ ಬಂದ ಯೂನಿಟ್ ಬರೆಸಿ. ಲಾರಿಯ ಪರದೆ ತೋರಿಸುವುದಕ್ಕಿಂತ ಮೀಟರ್‌ನಲ್ಲಿ ಜಾಸ್ತಿ ಇರುತ್ತದೆ, ಬಿಲ್ಲು ಬರುವುದು ಮೀಟರ್‌ನಂತೆ. ಎರಡು ವಾರದಲ್ಲಿ ಅತಿ ಕೆಟ್ಟ ದಿನದ ವಾಪಸ್ ಶೇಕಡಾ ಎಷ್ಟಿತ್ತು ಅಂತ ಹುಡುಕಿ. 30ಕ್ಕಿಂತ ಮೇಲಿದ್ದ ದಾರಿಗೆ ಈಗಲೇ ಎಲೆಕ್ಟ್ರಿಕ್ ಹಾಕಿ. 20ರಿಂದ 30ರ ನಡುವೆ ಇದ್ದರೆ ದಾರಿಯಲ್ಲೊಂದು ಚಾರ್ಜರ್ ಗೊತ್ತು ಮಾಡಿಕೊಂಡು ಹಾಕಿ. 20ಕ್ಕಿಂತ ಕೆಳಗೆ ಬಂದ ದಾರಿಗೆ ಇನ್ನೂ ಒಂದೆರಡು ವರ್ಷ ಡೀಸೆಲ್ಲೇ ಓಡಲಿ.